ಉಪ್ಪಿಗೂ ಒಂದು ದನಿ

ಜನವರಿ 15, 2020, ಬುಧವಾರ

ಎಳ್ಳು ಬೀರಲು ಹೋದವನು ಮೆಟಲ್ ಡಿಟೆಕ್ಟರ್ ಹೊತ್ತುಕೊಂಡು ಬಂದೆ.

ಫ್ಲಾರಿಡಾದ ಮೆಲ್ಬೋರ್ನ್‌ನಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಬಂದು ಆರು ವಾರವಾಗಿತ್ತು. ನನ್ನವಳು ಹಾಸನದ ಕಡೆಯವಳು. ಸಂಕ್ರಾಂತಿಯ ದಿನ ನಾಲ್ಕು ಮನೆಗಾದರೂ ಎಳ್ಳುಬೆಲ್ಲ ಹೋಗದಿದ್ದರೆ ಅವಳಿಗೆ ಹಬ್ಬವೇ ಅಲ್ಲ. ಈ ಬೀದಿಯಲ್ಲಿ ನಾಲ್ಕು ಮನೆಯವರ ಪರಿಚಯ ಎಲ್ಲಿಂದ ತರುವುದು? ಪಕ್ಕದ ಮನೆಯ ಹಿರಿಯರೊಬ್ಬರು ದಿನಾ ಬೆಳಿಗ್ಗೆ ಕೈಬೀಸುತ್ತಿದ್ದರು, ಅಷ್ಟೇ. ಕಬ್ಬಿನ ತುಂಡಿಲ್ಲದ ಕೊರತೆಗೆ ಎರಡು ಬಾಳೆಹಣ್ಣು ಸೇರಿಸಿ, ಸ್ಟೀಲ್ ಡಬ್ಬಿ ಹಿಡಿಸಿ, ನನ್ನನ್ನು ಅಲ್ಲಿಗೆ ಅಟ್ಟಿದಳು.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗೋಡೆಯ ತುಂಬ ಗಾತ್ರದ ಪ್ರಕಾರ ತೂಗುಹಾಕಿದ ಪಾನಾಗಳು, ಪೈಪಿನ ತುಂಡುಗಳು, ಮೂಲೆಯಲ್ಲಿ ಊರುಗೋಲಿನಂಥ ಎರಡು ಯಂತ್ರಗಳು. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತೊಂಬತ್ತು, ಎರಡೂ ಕಿವಿಗೆ ಶ್ರವಣಯಂತ್ರ. ಒಂದು ಚಿಟಿಕೆ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ನನ್ನ ಕಣ್ಣು ಮೂಲೆಯ ಯಂತ್ರಗಳ ಮೇಲಿತ್ತು. ಅವರು ಅದನ್ನು ಗಮನಿಸಿದರು.

"ನೀವು ಏನು ಕೆಲಸದಲ್ಲಿದ್ದಿರಿ?"

ಕುಂದಾಪುರದ ಕಡೆಯ ಪಿಯು ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದೆ ಎಂದೆ.

"ಹಾಗಾದರೆ ನಿಮಗೆ ಕಲಿಸುವುದಕ್ಕೆ ಏನೂ ಉಳಿದಿಲ್ಲ" ಎಂದು ನಕ್ಕರು. ಆ ನಗುವಿನ ಅರ್ಥ ತಿಳಿಯಲು ಎರಡು ದಿನ ಬೇಕಾಯಿತು.

ನಿಜಕ್ಕೂ ನನಗೆ ಗೊತ್ತಿತ್ತು. ಯಂತ್ರದ ಬುಡದಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದು, ನೆಲದೊಳಗೆ ಕಾಂತಕ್ಷೇತ್ರವೊಂದು ಏಳುತ್ತ ಬೀಳುತ್ತ ಇರುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿ ಪ್ರವಾಹ ಹುಟ್ಟುತ್ತದೆ. ಮಳೆಗಾಲದ ಹೊಳೆಯ ಸುಳಿ ನೋಡಿದ ಹುಡುಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಆ ಸುಳಿಗಳು ಎಬ್ಬಿಸುವ ಪುಟ್ಟ ಕಾಂತಕ್ಷೇತ್ರವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಮರುದನಿ ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ಅಳೆದು, ಇದು ಬೆಳ್ಳಿ, ಇದು ತಗಡು ಎಂದು ಯಂತ್ರ ಊಹಿಸುತ್ತದೆ.

ತರಗತಿಯಲ್ಲಿ ಇದರ ಜೊತೆಗೆ ಒಂದು ಕಥೆಯನ್ನೂ ಹೇಳುತ್ತಿದ್ದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಮೈಯೊಳಗೆ ಉಳಿದ ಗುಂಡನ್ನು ಹುಡುಕಲು, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ಕಟ್ಟಿಕೊಂಡು ಬಂದ. ರೋಗಿ ಮಲಗಿದ್ದ ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳೇ ದನಿಗೊಟ್ಟು ಕೆಲಸ ಕೆಡಿಸಿದವು ಎನ್ನುತ್ತಾರೆ. ಗುಂಡು ಸಿಗಲಿಲ್ಲ. ಅಧ್ಯಕ್ಷರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. "ಅಷ್ಟು ದೊಡ್ಡ ವಿಜ್ಞಾನಿ, ಕಣ್ಣೆದುರಿನ ಹಾಸಿಗೆ ಹೊಳೆಯಲಿಲ್ಲ ನೋಡಿ" ಎಂದು ಹುಡುಗರನ್ನು ನಗಿಸುತ್ತಿದ್ದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಿತ್ತಲಿನ ಹುಲ್ಲಿನ ಮೇಲೆ ಅವರು ಐದು ವಸ್ತುಗಳನ್ನು ಸಾಲಾಗಿ ಇಟ್ಟರು. ಇಪ್ಪತ್ತೈದು ಸೆಂಟಿನ ನಾಣ್ಯ ದೇವಸ್ಥಾನದ ಸಣ್ಣ ಗಂಟೆಯಂತೆ ಉಲಿಯಿತು. ಕಬ್ಬಿಣದ ಮೊಳೆ ಗೊರ್ ಎಂದಿತು. ಐದು ಸೆಂಟಿನ ನಾಣ್ಯಕ್ಕೆ ಮಂದ್ರದ ಗುಟುರು. ಆಮೇಲೆ ಅವರು ತಮ್ಮ ಬೆರಳಿನ ಮದುವೆಯುಂಗುರ ತೆಗೆದಿಟ್ಟರು, ಅದಕ್ಕೂ ಅದೇ ಗುಟುರು. ಕೊನೆಯದು ತಂಪು ಪಾನೀಯದ ಡಬ್ಬಿಯ ಬಾಯಿ ತೆರೆಯಲು ಎಳೆಯುವ ಅಲ್ಯೂಮಿನಿಯಂ ಕಿವಿ. ಕಣ್ಣು ಮುಚ್ಚಿಕೊಂಡು ಕೇಳಿದೆ. ಉಂಗುರ ಯಾವುದು, ಕಿವಿ ಯಾವುದು, ಹೇಳಲಾಗಲಿಲ್ಲ.

"ಯಂತ್ರಕ್ಕೂ ಆಗುವುದಿಲ್ಲ. ಚಿನ್ನ ಬೇಕೆನ್ನುವವರು ಈ ಕಸವನ್ನೆಲ್ಲ ಅಗೆಯಬೇಕು" ಎಂದರು.

ಎರಡು ಯಂತ್ರಗಳಲ್ಲಿ ಹಳೆಯದನ್ನು ನನಗೆ ಕೊಟ್ಟರು. ಹೊಸದನ್ನು ಯಾಕೆ ಕೊಡಲಿಲ್ಲ ಎಂದು ಕೇಳಲು ಸಂಕೋಚವಾಯಿತು. ಮನೆಗೆ ಬಂದರೆ ನನ್ನವಳು ನನ್ನನ್ನೂ ಯಂತ್ರವನ್ನೂ ಮೇಲಿಂದ ಕೆಳಗೆ ನೋಡಿದಳು. "ತಲೆಯ ಮೇಲಿರುವ ಕನ್ನಡಕವನ್ನು ಹುಡುಕಿಕೊಡು ಎಂದು ನನ್ನನ್ನು ಕರೆಯುವವರು ನೀವು. ಇನ್ನು ಸಮುದ್ರದಲ್ಲಿ ಹುಡುಕುತ್ತೀರಾ?"

ಜನವರಿ 16, ಗುರುವಾರ

ಮೆಲ್ಬೋರ್ನ್‌ನಿಂದ ಹಿನ್ನೀರಿನ ಸೇತುವೆ ದಾಟಿದರೆ ಇಂಡಿಯಾಲಾಂಟಿಕ್. ಒಂದು ಕಡೆ ಇಂಡಿಯನ್ ರಿವರ್, ಇನ್ನೊಂದು ಕಡೆ ಅಟ್ಲಾಂಟಿಕ್, ಎರಡನ್ನೂ ಕೂಡಿಸಿ ಸಂಧಿ ಮಾಡಿದ ಹೆಸರು. ಯಾವ ಸಂಧಿ ಎಂದು ಕನ್ನಡ ಮೇಷ್ಟರನ್ನು ಕೇಳಬೇಕು.

ಈ ದಿನ ಒಣ ಮರಳಿನ ಪಾಠ. ಜನ ಟವೆಲ್ ಹಾಸಿಕೊಂಡು ಮಲಗುವ ಸಾಲಿನಲ್ಲಿ ನಡೆಯಬೇಕು. ಮಲಗಿದವರ ಜೇಬಿನಿಂದ ನಾಣ್ಯ ಜಾರುತ್ತದೆ, ಎಣ್ಣೆ ಹಚ್ಚಿಕೊಂಡ ಬೆರಳಿನಿಂದ ಉಂಗುರ ಜಾರುತ್ತದೆ. ನಾನು ಹುರುಪಿನಿಂದ ಬೀಸಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು:

"ಹುಲ್ಲು ಕೊಯ್ಯುತ್ತಿದ್ದೀರಿ!"

ಬೀಸಿನ ಎರಡೂ ತುದಿಯಲ್ಲಿ ನನ್ನ ತಟ್ಟೆ ನೆಲಬಿಟ್ಟು ಮೇಲೇಳುತ್ತಿತ್ತಂತೆ. ಒಂದು ಅಂಗುಲ ಎದ್ದರೆ ಆಳದ ಒಂದು ಅಂಗುಲ ಹೋಯಿತು. ಇಸ್ತ್ರಿ ಪೆಟ್ಟಿಗೆ ಆಡಿಸಿದ ಹಾಗೆ, ಮರಳಿಗೆ ತಾಗಿಯೂ ತಾಗದಂತೆ, ಒಂದು ಬೀಸಿನ ಅರ್ಧವನ್ನು ಮುಂದಿನ ಬೀಸು ಮುಚ್ಚುವಂತೆ ಹೋಗಬೇಕು. ದನಿ ಬಂದ ಮೇಲೆ ತೊಂಬತ್ತು ಡಿಗ್ರಿ ತಿರುಗಿ ಅಡ್ಡಲಾಗಿ ಬೀಸಬೇಕು. ಎರಡೂ ದಿಕ್ಕಿನಲ್ಲಿ ಒಂದೇ ಕಡೆ, ಒಂದೇ ಥರ ಕೂಗಿದರೆ ಮಾತ್ರ ಅಗೆಯಬೇಕು. ಅಗೆಯುವುದು ತಳದಲ್ಲಿ ತೂತುಗಳಿರುವ ಸಲಿಕೆಯಿಂದ. ಮರಳು ಸೋರಿಹೋಗುತ್ತದೆ, ಲೋಹ ಉಳಿಯುತ್ತದೆ. ಅಗೆದ ಗುಂಡಿಯನ್ನು ಕಾಲಿನಿಂದಲಾದರೂ ಸರಿ, ಮುಚ್ಚಲೇಬೇಕು. ಮರಳದಿಬ್ಬ ಹತ್ತುವಂತಿಲ್ಲ, ಅಲ್ಲಿನ ಹುಲ್ಲು ಮುಟ್ಟುವಂತಿಲ್ಲ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಕಡಲಾಮೆಗಳು ಮೊಟ್ಟೆಯಿಡುವುದರಿಂದ ಆಗ ಇನ್ನೂ ಬಿಗಿ. ನಾವು ಬಂದದ್ದು ಚಳಿಗಾಲದಲ್ಲಾದ್ದರಿಂದ ಆ ಆತಂಕವಿರಲಿಲ್ಲ.

ಎರಡು ಗಂಟೆಯ ಸಂಪಾದನೆ: ಬಿಯರ್ ಬಾಟಲಿಯ ಮುಚ್ಚಳ ಹನ್ನೊಂದು, ಡಬ್ಬಿಯ ಕಿವಿ ಆರು, ಹೇರ್‌ಪಿನ್ ಎರಡು, ಮತ್ತು ಇಲಿ ಕಡಿದ ಹಪ್ಪಳದಂಥ ಒಂದು ಸೆಂಟಿನ ನಾಣ್ಯ. 1982ರಿಂದೀಚೆಗೆ ಅಮೆರಿಕದ ಒಂದು ಸೆಂಟು ತಾಮ್ರದ್ದಲ್ಲ, ಒಳಗೆಲ್ಲ ಸತು, ಮೇಲೆ ತಾಮ್ರದ ತೆಳು ಲೇಪ. ಲೇಪ ಒಂದು ಕಡೆ ಗೀಚಿದರೆ ಸಾಕು, ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಪುಟ್ಟ ಬ್ಯಾಟರಿಯಾಗಿ ಸತು ಕರಗುತ್ತಾ ಹೋಗುತ್ತದೆ. ಲಿಂಕನ್ನರ ಗಡ್ಡ ಮಾತ್ರ ಉಳಿದಿತ್ತು.

ಸಂಜೆ ಅಂಗಳದ ನಲ್ಲಿಯಲ್ಲಿ ಯಂತ್ರವನ್ನು ಸಿಹಿನೀರಿನಿಂದ ತೊಳೆಯಬೇಕು. "ಉಪ್ಪನ್ನು ಮನೆಯೊಳಗೆ ಕರೆದುಕೊಂಡು ಹೋಗಬೇಡಿ" ಎಂದರು ಕೊಳಾಯಿ ಮೇಷ್ಟರು. ತೊಳೆದೆ. ಮೇಲೆ ಮೇಲೆ ತೊಳೆದೆ.

ಜನವರಿ 17, ಶುಕ್ರವಾರ

ಇಳಿತ ಬೆಳಿಗ್ಗೆ. ಸೂರ್ಯ ನೇರವಾಗಿ ಸಮುದ್ರದಿಂದ ಎದ್ದು ಬಂದ. ನಮ್ಮೂರಿನಲ್ಲಿ ಅವನು ಮುಳುಗುವುದನ್ನಷ್ಟೇ ನೋಡಿದವನಿಗೆ ಇದು ಇನ್ನೂ ವಿಚಿತ್ರವೇ. ಅಲೆ ಹಿಂದೆ ಸರಿದಲ್ಲೆಲ್ಲ ಕನ್ನಡಿಯಂತೆ ಹೊಳೆಯುವ ಒದ್ದೆ ಮರಳು. ಸಣ್ಣ ಕಡಲಹಕ್ಕಿಗಳು ಅಲೆಯ ಹಿಂದೆ ಓಡಿ, ಅಲೆ ಬಂದಾಗ ಪಾದ ನೆನೆಯಬಾರದೆಂಬಂತೆ ಮರಳಿ ಓಡಿಬರುತ್ತಿದ್ದವು.

ಯಂತ್ರವನ್ನು ಒದ್ದೆ ಮರಳಿಗೆ ಇಳಿಸಿದೆ. ಕಿರುಚಿತು. ಬಲಕ್ಕೆ ಬೀಸಿದರೆ ಕಿರುಚು, ಎಡಕ್ಕೆ ಬೀಸಿದರೆ ಕಿರುಚು, ಸುಮ್ಮನೆ ಎತ್ತಿದರೂ ಇಳಿಸಿದರೂ ಕಿರುಚು. ಪರದೆಯ ಮೇಲೆ ಅಂಕಿಗಳು ಕಾದ ಬಾಣಲೆಯಲ್ಲಿ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು. ಒಂದು ಕ್ಷಣ, ಒಂದೇ ಕ್ಷಣ, ಇಡೀ ತೀರದ ಕೆಳಗೆ ಚಿನ್ನವಿದೆ ಎಂದು ನನ್ನ ಮನಸ್ಸು ನಂಬಿತು. ಮೂರು ಕಡೆ ಅಗೆದೆ. ಮರಳು, ಮರಳು, ಮತ್ತು ಒಂದು ಜೀವಂತ ಚಿಪ್ಪು.

ಹಿರಿಯರು ಮಡಿಸುವ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. "ಏನು ಹೇಳುತ್ತಿದೆ ನಿಮ್ಮ ಯಂತ್ರ?"

"ಹುಚ್ಚು ಹಿಡಿದಿದೆ."

"ಇಲ್ಲ, ಅದು ಸತ್ಯವನ್ನೇ ಹೇಳುತ್ತಿದೆ. ನೀವೇ ಮೇಷ್ಟರು, ಯೋಚಿಸಿ."

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕೂರಿಸಿದ್ದಿಲ್ಲ. ಯೋಚಿಸಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಉಪ್ಪುನೀರು ವಿದ್ಯುತ್ ವಾಹಕ. ತಾಮ್ರಕ್ಕೆ ಹೋಲಿಸಿದರೆ ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಕಡಿಮೆ, ಆದ್ದರಿಂದ ಲೆಕ್ಕಕ್ಕೇ ಬಾರದು ಎಂದು ಪರೀಕ್ಷೆಯಲ್ಲಿ ಬರೆದಿದ್ದರೆ ನಾನೇ ಅಂಕ ಕೊಡುತ್ತಿದ್ದೆ. ಆದರೆ ತಟ್ಟೆಯ ಕೆಳಗಿರುವುದು ಒಂದು ನಾಣ್ಯದಷ್ಟು ಉಪ್ಪುನೀರಲ್ಲ, ಇಡೀ ಕಡಲತೀರ. ಅಷ್ಟು ದೊಡ್ಡ ಮೈಯಲ್ಲಿ ಏಳುವ ಸುಳಿಗಳೆಲ್ಲ ಕೂಡಿ ಒಂದು ದನಿಯಾಗುತ್ತವೆ. ಯಂತ್ರದ ಅಂಕಿಗಳಲ್ಲಿ ಆ ದನಿ ಬಂದು ಕೂರುವ ಜಾಗವಾದರೂ ಎಲ್ಲಿ? ತೆಳುವಾದ ತಗಡು, ಸಣ್ಣ ಚಿನ್ನದೊಡವೆ ಕೂಗುವ ಜಾಗದ ಪಕ್ಕದಲ್ಲೇ. ತಟ್ಟೆ ಒಂದಿಷ್ಟು ಮೇಲೆದ್ದರೂ ಸಮುದ್ರ ದೂರವಾದಂತೆ, ತಗ್ಗಿದರೆ ಹತ್ತಿರವಾದಂತೆ. ಒಣ ಮರಳಿನಲ್ಲಿ ಹುಲ್ಲು ಕೊಯ್ದರೆ ಆಳ ಹೋಗುತ್ತದೆ, ಅಷ್ಟೇ. ಒದ್ದೆ ಮರಳಿನಲ್ಲಿ ಹುಲ್ಲು ಕೊಯ್ದರೆ ಸಮುದ್ರವೇ ಕಿವಿಗೆ ಬಂದು ಬೀಳುತ್ತದೆ.

"ಈಗ ಏನು ಮಾಡುತ್ತೀರಿ?"

"ಸೂಕ್ಷ್ಮತೆ ಹೆಚ್ಚಿಸಿ…"

"ತಗ್ಗಿಸಿ. ಇನ್ನೂ ತಗ್ಗಿಸಿ. ಅದು ಸ್ವಲ್ಪ ಕಿವುಡಾಗಬೇಕು" ಎಂದು ತಮ್ಮ ಶ್ರವಣಯಂತ್ರವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಹೊರಗಿನ ಮಾತು ಕೇಳಲು ಅವರಿಗೆ ಅದು ಬೇಕು, ಹೆಡ್‌ಫೋನ್ ಹಾಕಿಕೊಳ್ಳುವಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ತಟ್ಟೆಯನ್ನು ಮರಳಿನ ಮೇಲೆ ಎತ್ತಿ ಇಳಿಸುತ್ತ, ನೆಲದ ದನಿ ಸತ್ತುಹೋಗುವವರೆಗೆ ಯಂತ್ರದ ಗುಂಡಿ ಒತ್ತುವುದನ್ನು ಕಲಿಸಿದರು. ಇದಕ್ಕೆ ನೆಲದೊಂದಿಗೆ ರಾಜಿಮಾಡಿಸುವುದು ಎನ್ನಬಹುದು. ಪೂರ್ತಿ ಸಾಯಲಿಲ್ಲ, ಗೊಣಗಾಟಕ್ಕೆ ಇಳಿಯಿತು. ಒಂದೇ ಆವೃತ್ತಿಯಲ್ಲಿ, ಅಂದರೆ ವಿದ್ಯುತ್ ದಿಕ್ಕು ಬದಲಿಸುವ ಒಂದೇ ವೇಗದಲ್ಲಿ, ಕೆಲಸ ಮಾಡುವ ಯಂತ್ರಕ್ಕೆ ಇಷ್ಟೇ ಸಾಧ್ಯವಂತೆ. ಅವರ ಹೊಸ ಯಂತ್ರ ಏಕಕಾಲಕ್ಕೆ ಹಲವು ಆವೃತ್ತಿಗಳಲ್ಲಿ ಕೇಳುತ್ತದೆ. ಆವೃತ್ತಿ ಬದಲಾದಾಗ ಉಪ್ಪಿನ ಮರುದನಿ ಒಂದು ಬಗೆಯಲ್ಲಿ ಬದಲಾಗುತ್ತದೆ, ಲೋಹದ್ದು ಇನ್ನೊಂದು ಬಗೆಯಲ್ಲಿ. ಎರಡನ್ನೂ ತಾಳೆಹಾಕಿ ಉಪ್ಪಿನ ಪಾಲನ್ನು ಕಳೆದುಬಿಡುತ್ತದೆ. ಕ್ಷಣಕಾಲದ ವಿದ್ಯುತ್ ಬಡಿತ ಕಳಿಸಿ, ಅದು ನಿಂತ ಮೇಲೆ ಉಳಿಯುವ ದನಿಯನ್ನಷ್ಟೇ ಕೇಳುವ ಮೂರನೆಯ ಜಾತಿಯ ಯಂತ್ರವೂ ಇದೆ. ಅದಕ್ಕೆ ಉಪ್ಪಿನ ಕಾಟ ಬಹಳ ಕಡಿಮೆ, ಆದರೆ ಕಬ್ಬಿಣಕ್ಕೂ ಚಿನ್ನಕ್ಕೂ ಭೇದವಿಲ್ಲ. ಹೇರ್‌ಪಿನ್ ಅಗೆದು ಅಗೆದು ಸೊಂಟ ಮುರಿಯುತ್ತದೆ ಎಂದರು.

"ಹಾಗಾದರೆ ನನಗೆ ಈ ಹಳೆಯದೇ ಯಾಕೆ?" ಕೊನೆಗೂ ಕೇಳಿದೆ.

"ಹೊಸದು ಕೊಟ್ಟರೆ ನಿಮಗೆ ಉಪ್ಪಿನ ದನಿಯೇ ಗೊತ್ತಾಗುವುದಿಲ್ಲ."

ಅದೇ ಹೊತ್ತಿಗೆ ದೊಡ್ಡ ಅಲೆಯೊಂದು ಮೊಣಕಾಲಿಗೆ ಬಡಿದು, ಯಂತ್ರ ಕೈತಪ್ಪಿ ನಾನೇ ಅಗೆದ ಗುಂಡಿಗೆ ಬಿತ್ತು. ತಟ್ಟೆ ನೀರು ತಡೆಯುವಂಥದು, ಏನೂ ಆಗಲಿಲ್ಲ ಅಂದುಕೊಂಡೆ.

ಜನವರಿ 18, 19

ಶನಿವಾರ ಒಬ್ಬನೇ ಹೋದೆ. ಒಣ ಮರಳಿನಲ್ಲೂ ಯಂತ್ರ ಗೊಣಗುತ್ತಿತ್ತು. ಗುರುವಾರ ಇಲ್ಲೇ ಎಷ್ಟು ಸೌಮ್ಯವಾಗಿತ್ತು! ರಸ್ತೆ ಬದಿಯ ವಿದ್ಯುತ್ ತಂತಿಗಳಿರಬಹುದು, ಹೋಟೆಲಿನ ವೈಫೈ ಇರಬಹುದು, ರಾತ್ರಿಯ ಇಬ್ಬನಿಗೆ ಮರಳು ತೇವವಾಗಿರಬಹುದು. ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಮೂರು ಊಹೆ ಬರೆದು, ಒಂದೊಂದನ್ನೂ ಪರೀಕ್ಷಿಸಲು ತೀರದುದ್ದಕ್ಕೂ ನಡೆದೆ. ಮಧ್ಯಾಹ್ನಕ್ಕೆ ಸೊಂಟ ಹಿಡಿಯಿತು. ಊಹೆಗಳು ಮೂರೂ ಬಿದ್ದವು.

ಭಾನುವಾರ ಬೆಳಿಗ್ಗೆ ತೀರದಲ್ಲಿ ಜಾತ್ರೆ. ಅರವತ್ತು ಕಿಲೋಮೀಟರ್ ಉತ್ತರದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ಹಾರುವುದಿತ್ತು. ಹಾರುತ್ತಿರುವಾಗಲೇ ರಾಕೆಟ್ಟಿನಿಂದ ಗಗನಯಾತ್ರಿಗಳು ಕೂರುವ ಕೋಶ ಚಿಮ್ಮಿ ಪಾರಾಗುವ ಪರೀಕ್ಷೆ, ಒಳಗೆ ಜನರಿರಲಿಲ್ಲ. ಹತ್ತೂವರೆಗೆ ಎಲ್ಲರ ಕತ್ತು ಮೇಲೆ, ಮೊಬೈಲ್ ಮೇಲೆ. ಮೊಮ್ಮಗ ನನ್ನ ಹೆಗಲ ಮೇಲೆ. ಒಂದೂವರೆ ನಿಮಿಷದೊಳಗೆ ಕೋಶ ಬೇರ್ಪಟ್ಟು, ರಾಕೆಟ್ ಒಡೆದುಹೋಯಿತು. ಹಾಗಾಗುವುದೆಂದು ಮೊದಲೇ ಲೆಕ್ಕವಿತ್ತಂತೆ. ಚಪ್ಪಾಳೆ ಬಿದ್ದಾಗ ತಿರುಗಿ ನೋಡಿದೆ. ಇಡೀ ತೀರದಲ್ಲಿ ಒಬ್ಬರೇ ಒಬ್ಬರು ನೆಲ ನೋಡುತ್ತಿದ್ದರು. ಹೆಡ್‌ಫೋನಿನೊಳಗೆ ಮುಳುಗಿದ್ದ ನಮ್ಮ ಹಿರಿಯರು.

"ಅಜ್ಜ, ಅವರಿಗೆ ಹೇಳಬೇಕಿತ್ತಲ್ಲ?" ಎಂದ ಮೊಮ್ಮಗ ಮರುಕದಿಂದ.

ಆಮೇಲೆ ಹೇಳಿದೆ. "ರಾಕೆಟ್ ನೋಡಲು ಎಲ್ಲರೂ ಎದ್ದು ನಿಲ್ಲುತ್ತಾರೆ" ಎಂದು ಇಪ್ಪತ್ತೈದು ಸೆಂಟಿನ ಎರಡು ನಾಣ್ಯ ತೋರಿಸಿದರು.

ಜನವರಿ 20, ಸೋಮವಾರ

ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಮಗಳು, ಅಳಿಯ, ಮೊಮ್ಮಗ, ನಾವಿಬ್ಬರು ಸೇರಿ ಎ1ಎ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟೆವು. ಸೆಬಾಸ್ಟಿಯನ್ ಅಳಿವೆಯ ಸೇತುವೆ ದಾಟಿದ ಮೇಲೆ ಮ್ಯಾಕ್‌ಲಾರ್ಟಿ ನಿಧಿ ಸಂಗ್ರಹಾಲಯ. ಸಣ್ಣ ಕಟ್ಟಡ, ನಿಂತಿರುವ ಜಾಗ ದೊಡ್ಡದು.

1715ರ ಜುಲೈ 24ರಂದು ಹನ್ನೆರಡು ಹಡಗುಗಳು ಹವಾನಾ ಬಿಟ್ಟು ಸ್ಪೇನಿನ ಕಡೆಗೆ ಹೊರಟವು. ಹೊಟ್ಟೆಯಲ್ಲಿ ಮೆಕ್ಸಿಕೊ, ಪೆರುವಿನ ಬೆಳ್ಳಿ, ಚಿನ್ನ. ಒಂದು ವಾರಕ್ಕೆ, 30ರ ರಾತ್ರಿ ಕಳೆದು 31ರ ಬೆಳಗಾಗುವಷ್ಟರಲ್ಲಿ, ಚಂಡಮಾರುತ ಹನ್ನೊಂದನ್ನು ಈ ತೀರದ ಬಂಡೆಗಳಿಗೆ ಅಪ್ಪಳಿಸಿತು. ತಪ್ಪಿಸಿಕೊಂಡದ್ದು ಫ್ರೆಂಚರ ಹಡಗೊಂದೇ. ನಾಯಕ ಉಬಿಲ್ಲಾ ಸೇರಿ ಸುಮಾರು ಸಾವಿರ ಮಂದಿ ಸತ್ತರು. ಬದುಕಿ ದಡ ಸೇರಿದವರು ಬಿಡಾರ ಹೂಡಿದ್ದು ಈ ಸಂಗ್ರಹಾಲಯ ನಿಂತಿರುವಲ್ಲೇ. ಸ್ಪೇನಿನವರು ಮುಳುಗುಗಾರರನ್ನು ಇಳಿಸಿ ಬೆಳ್ಳಿ ಮೇಲೆತ್ತಿಸಿದರು. ಎತ್ತಿದ್ದನ್ನು ದೋಚಲು ಹೆನ್ರಿ ಜೆನ್ನಿಂಗ್ಸ್ ಎಂಬ ಕಡಲುಗಳ್ಳ ಬಂದ.

ಎರಡು ಶತಮಾನದ ಮರೆವು. 1950ರ ದಶಕದಲ್ಲಿ ಕಿಪ್ ವಾಗ್ನರ್ ಎಂಬ ಮನೆ ಕಟ್ಟುವ ಗುತ್ತಿಗೆದಾರ, ಬಿರುಗಾಳಿಯ ನಂತರ ತೀರದಲ್ಲಿ ಕಪ್ಪು ಬಿಲ್ಲೆಗಳನ್ನು ಹೆಕ್ಕುತ್ತಿದ್ದ. ಸೇನೆ ಹರಾಜು ಹಾಕಿದ್ದ ನೆಲಬಾಂಬ್ ಶೋಧಕವೊಂದನ್ನು ಹದಿನೈದು ಡಾಲರಿಗೆ ಕೊಂಡು, ಮರಳದಿಬ್ಬದ ಹಿಂದೆ ಹುಡುಕಿ, ಫಿರಂಗಿ ಗುಂಡುಗಳನ್ನೂ ಕೊನೆಗೆ ಆ ಬಿಡಾರವನ್ನೂ ಪತ್ತೆಮಾಡಿದ. ಮುಂದೆ ಜೊತೆಗಾರರನ್ನು ಸೇರಿಸಿಕೊಂಡು ಕಟ್ಟಿದ ಕಂಪನಿಯ ಹೆಸರು 'ರಿಯಲ್ ಏಯ್ಟ್', ಎಂಟು ರಿಯಾಲಿನ ಬೆಳ್ಳಿ ನಾಣ್ಯದ ಮೇಲಿನ ಹೆಸರು. 2015ರಲ್ಲಿ, ದುರಂತದ ಮುನ್ನೂರನೆಯ ವರ್ಷ, ಮುಳುಗುಗಾರರಿಗೆ 350 ಚಿನ್ನದ ನಾಣ್ಯಗಳು ಸಿಕ್ಕವು. ಬೆಲೆ ಸುಮಾರು 45 ಲಕ್ಷ ಡಾಲರ್. ಈ ಹಡಗುಗಳ ಮೇಲೆ ನ್ಯಾಯಾಲಯದಿಂದ ಹಕ್ಕು ಪಡೆದವರು ಬೇರೆ ಇದ್ದಾರೆ. ನನ್ನಂಥವರು ಇಲ್ಲಿ ಯಂತ್ರ ಹಿಡಿದು ನೀರಿಗಿಳಿಯುವಂತಿಲ್ಲ, ಮರಳಿನ ಮೇಲಷ್ಟೇ.

ಗಾಜಿನ ಹಿಂದೆ ಎಂಟು ರಿಯಾಲಿನ ನಾಣ್ಯವಿತ್ತು. ದುಂಡಗಿಲ್ಲ, ಕತ್ತರಿಸಿ ಬಡಿದ ಬೆಳ್ಳಿಯ ತುಂಡು, ಹೆಚ್ಚು ಕಡಿಮೆ 27 ಗ್ರಾಂ. ನನ್ನವಳಿಗೆ ಅದು ಕೊಬ್ಬರಿ ಚೂರಿನಂತೆ ಕಂಡಿತು. ನನಗೆ ಬಸ್ರೂರು ನೆನಪಾಯಿತು. ನಮ್ಮ ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ. ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿಕೊಂಡು ಅಕ್ಕಿ, ಕಾಳುಮೆಣಸು ಕೊಳ್ಳುತ್ತಿದ್ದ ಕಾಲದಲ್ಲಿ, ಲಿಸ್ಬನ್ನಿನಿಂದ ಗೋವೆಗೆ ಬರುತ್ತಿದ್ದ ಹಣದಲ್ಲಿ ಹೊಸ ಜಗತ್ತಿನ ಈ ಬೆಳ್ಳಿಯೂ ಇತ್ತು. ಮೆಣಸು ಕೊಟ್ಟವರ ಕೈಗೆ ಬಂದ ಬೆಳ್ಳಿ ಕರಗಿ ಬೇರೆ ನಾಣ್ಯವೋ ಬಳೆಯೋ ಆಗಿ ಹೋಯಿತು. ಇಲ್ಲಿ ಮುಳುಗಿದ್ದು ಮಾತ್ರ ಹಾಗೆಯೇ ಉಳಿಯಿತು.

ಹೊರಗೆ ಬಂದಾಗ ಉತ್ತರದ ಗಾಳಿ ಶುರುವಾಗಿತ್ತು. ಹೆಜ್ಜಾರ್ಲೆಗಳ ಸಾಲೊಂದು ಗಾಳಿಗೆ ಎದುರಾಗಿ ನಿಂತಲ್ಲೇ ನಿಂತಂತೆ ಹಾರುತ್ತಿತ್ತು.

ಜನವರಿ 21, ಮಂಗಳವಾರ

ಬೆಳಿಗ್ಗೆಯೇ ಬಾಗಿಲು ಬಡಿದರು. "ಗಾಳಿ ಮರಳು ಕತ್ತರಿಸಿದೆ, ಹೊರಡಿ."

ಅವರ ಹಳೆಯ ಪಿಕ್‌ಅಪ್‌ನಲ್ಲಿ ನಿನ್ನೆಯ ದಾರಿಯಲ್ಲೇ ಇನ್ನೂ ಮುಂದೆ, ವಬಾಸೊ ಕಡೆಯ ಸಾರ್ವಜನಿಕ ತೀರಕ್ಕೆ. ಮರಳಿನ ಇಳಿಜಾರು ಇದ್ದಲ್ಲಿ ಈಗ ಸೊಂಟದೆತ್ತರದ ಮೆಟ್ಟಿಲು, ಕತ್ತಿಯಿಂದ ಕೊಯ್ದ ಮೈಸೂರುಪಾಕಿನ ಅಂಚಿನಂತೆ ನೆಟ್ಟಗೆ. ಮೆಟ್ಟಿಲಿನ ಬುಡದಲ್ಲಿ ಕಪ್ಪು ಮರಳು, ದಪ್ಪ ಚಿಪ್ಪು, ಸಣ್ಣ ಕಲ್ಲು ಒಂದು ಪಟ್ಟಿಯಾಗಿ ನಿಂತಿದ್ದವು. ಅಲೆ ಮೊರದಲ್ಲಿ ಕೇರಿದಂತೆ ಕೇರುತ್ತದೆ. ಹಗುರವಾದದ್ದು ಹಾರಿಹೋಗುತ್ತದೆ, ತೂಕದ್ದು ತೂಕದ್ದರ ಪಕ್ಕದಲ್ಲಿ ಉಳಿಯುತ್ತದೆ. ಕಲ್ಲಿದ್ದಲ್ಲಿ ಸೀಸ, ಸೀಸವಿದ್ದಲ್ಲಿ ನಾಣ್ಯ. ಅವರಿಗೆ ಇದು ಕಂಠಪಾಠ. ಕೆಲವು ತೀರಗಳಲ್ಲಿ ಸವಕಳಿ ತಡೆಯಲು ಸರ್ಕಾರವೇ ಸಮುದ್ರದ ತಳದಿಂದ ಮರಳು ತಂದು ಸುರಿಯುತ್ತದೆ, ಅಂಥಲ್ಲಿ ಹಳೆಯ ಪದರ ಆಳಕ್ಕೆ ಹೋಗಿಬಿಡುತ್ತದೆ, ಅದು ತನಗೆ ಶತ್ರು ಎಂದು ಗೊಣಗಿದರು. ರಸ್ತೆ, ಮನೆ ಉಳಿಯಬೇಕಲ್ಲ ಎಂದೆ. ಉತ್ತರ ಬರಲಿಲ್ಲ.

ನನ್ನ ಯಂತ್ರ ಕಾರಿನಿಂದ ಇಳಿಸಿದ ಕ್ಷಣದಿಂದಲೇ ಗೊಣಗುತ್ತಿತ್ತು. ಗಾಳಿಯಲ್ಲಿ ಎತ್ತಿ ಹಿಡಿದರೂ! ವಿದ್ಯುತ್ ತಂತಿಯ ಊಹೆ, ಇಬ್ಬನಿಯ ಊಹೆ, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಯಂತ್ರವನ್ನು ತೊಡೆಯ ಮೇಲೆ ಮಲಗಿಸಿ, ತಟ್ಟೆಯ ತಳಕ್ಕೆ ಹಾಕಿದ್ದ ಪ್ಲಾಸ್ಟಿಕ್ ಕವಚದ ಅಂಚಿಗೆ ಉಗುರು ಸಿಕ್ಕಿಸಿ ಎಬ್ಬಿಸಿದರು. ಟಪ್ ಎಂದು ಬಿಟ್ಟುಕೊಂಡಿತು. ಒಳಗೆ ಒಂದು ಹಿಡಿ ಕಪ್ಪು ಮರಳು, ದೋಸೆಯಷ್ಟು ತೆಳ್ಳಗೆ ಹರಡಿ, ಇನ್ನೂ ಹಸಿಯಾಗಿ.

ಶುಕ್ರವಾರ ಗುಂಡಿಗೆ ಬಿದ್ದಾಗ ಒಳಹೋದದ್ದು. ಮೂರು ದಿನ ಹೊರಗಿನಿಂದ ತೊಳೆದು ತೊಳೆದು, ಒಳಗಿನ ಉಪ್ಪು ಮರಳನ್ನು ಬೀದಿಬೀದಿ ಹೊತ್ತು ತಿರುಗಿದ್ದೆ. ತೀರ ಯಾವುದಾದರೇನು, ತಟ್ಟೆಯ ಮೈಗೇ ಸಮುದ್ರ ಅಂಟಿಕೊಂಡಿತ್ತು. ಬೆಲ್‌ನ ಹಾಸಿಗೆಯ ಕಥೆಯನ್ನು ಅವರಿಗೆ ಹೇಳಿದೆ. ಹೇಳದಿದ್ದರೆ ಮೋಸವಾಗುತ್ತಿತ್ತು. ಅವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

"ಅಧ್ಯಕ್ಷರು ಸತ್ತರು, ನಿಮ್ಮ ಸೊಂಟ ಮಾತ್ರ ಹಿಡಿಯಿತು" ಎಂದರು.

ಬಾಟಲಿ ನೀರಿನಿಂದ ತೊಳೆದು ಕವಚ ಹಾಕಿದ ಮೇಲೆ ಯಂತ್ರ ಹೊಸದಾಯಿತು. ಮಧ್ಯಾಹ್ನದ ಇಳಿತಕ್ಕೆ ಮೆಟ್ಟಿಲಿನ ಬುಡದ ಪಟ್ಟಿಯಲ್ಲಿ ನಡೆದೆ. ಉಪ್ಪಿನ ಗೊಣಗಾಟ ಇದ್ದೇ ಇತ್ತು, ಆದರೆ ಈಗ ಅದು ಯಾವುದೆಂದು ಗೊತ್ತಿತ್ತು. ತಂಬೂರಿಯ ಶ್ರುತಿಯಂತೆ ಹಿಂದೆ ಇರಲಿ ಎಂದು ಬಿಟ್ಟೆ. ಅದರ ಮೇಲೆ ಒಂದು ದನಿ ಏಳಬೇಕು, ಅಷ್ಟೇ. ಮೊದಲು ಎದ್ದದ್ದೆಲ್ಲ ಸೀಸ. ಮೀನು ಹಿಡಿಯುವವರು ಗಾಳದ ದಾರಕ್ಕೆ ಕಟ್ಟುವ ಪಿರಮಿಡ್ ಆಕಾರದ ಗುಂಡುಗಳು, ಹತ್ತು ಹೆಜ್ಜೆಗೊಂದು. ನಮ್ಮೂರಿನ ಬೀಸುಬಲೆಯ ಅಂಚಿನಲ್ಲಿ ಪೋಣಿಸುವ ಸೀಸ ಇದಕ್ಕಿಂತ ಸಣ್ಣದು, ತೂತಿರುವುದು. ಆದರೆ ಬಾಯಿಗೆ ಬಂದ ಗಾಳಿಯಲ್ಲಿ ಅದೇ ರುಚಿ.

ಆಮೇಲೆ ಚುರುಕಾದ, ಎತ್ತರದ ಒಂದು ಉಲಿ. ಅಡ್ಡಲಾಗಿ ಬೀಸಿದೆ, ಮತ್ತೆ ಅದೇ. ತಟ್ಟೆಯ ನಡುವಿಗೆ ಗುರಿಯಿಟ್ಟು ಸಲಿಕೆ ಇಳಿಸಿದೆ. ಅಲೆ ಬಂದು ಗುಂಡಿ ತುಂಬಿತು. ಎರಡನೆಯ ಸಲಿಕೆ, ಮತ್ತೆ ಅಲೆ. ಗುಂಡಿಯ ಮೇಲೆ ಬೀಸಿದರೆ ಮೌನ. ಅಂದರೆ ಅದು ಈಗ ಸಲಿಕೆಯಲ್ಲಿದೆ. ಸಲಿಕೆಯನ್ನು ಅಲೆಯಲ್ಲಿ ಆಡಿಸಿದೆ. ಮರಳು ಸೋರಿತು, ಚಿಪ್ಪು ಉಳಿಯಿತು, ಚಿಪ್ಪಿನ ನಡುವೆ ಹೆಂಚಿನ ಮೇಲೆ ಹೊತ್ತಿದ ಅವಲಕ್ಕಿಯಷ್ಟು ಕಪ್ಪಾದ, ಉಗುರಿನಗಲದ ಬಿಲ್ಲೆ. ಹೆಬ್ಬೆರಳಿನಿಂದ ಉಜ್ಜಬೇಡಿ ಎಂದು ದೂರದಿಂದಲೇ ಕೈ ಮಾಡಿದರು. ನೀರಿನಲ್ಲಿ ಮುಳುಗಿಸಿ ಎತ್ತಿದಾಗ ಒಂದು ಮುಖದ ಅಂಚು, ಅದರ ಕೆಳಗೆ ಇಸವಿ: 1957. ಹತ್ತು ಸೆಂಟಿನ ಡೈಮ್, ರೂಸ್‌ವೆಲ್ಟರ ಮುಖ. 1964ರವರೆಗಿನ ಡೈಮ್‌ನಲ್ಲಿ ಶೇ. 90 ಬೆಳ್ಳಿ. ಉಪ್ಪುನೀರಿನಲ್ಲಿ ಕಪ್ಪಾದದ್ದು ಅದಕ್ಕೇ.

"ಏನು ಸಿಕ್ಕಿತು?" ಸಂಜೆ ನನ್ನವಳು ಕೇಳಿದಳು.

"ಹತ್ತು ಸೆಂಟು."

"ಅಂದರೆ?"

"ಏಳು ರೂಪಾಯಿ."

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ನಾನು ಹುಟ್ಟಿದ ವರ್ಷದ್ದು" ಎಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅಲ್ಲಿಗೆ ನನ್ನ ನಿಧಿ ಕೈಬಿಟ್ಟಿತು.

ಜನವರಿ 22, ಬುಧವಾರ

ಚಳಿ. ಉಷ್ಣಾಂಶ ಒಂದಂಕಿಗೆ ಇಳಿದಿತ್ತು. ಚಳಿಗೆ ಮರಗಟ್ಟಿ ಮರದಿಂದ ಇಗ್ವಾನಾಗಳು ಬೀಳಬಹುದು, ಆಶ್ಚರ್ಯಪಡಬೇಡಿ ಎಂದು ಮಯಾಮಿಯ ಹವಾಮಾನ ಕಚೇರಿ ಹಿಂದಿನ ದಿನ ಪ್ರಕಟಣೆ ಹೊರಡಿಸಿತ್ತು. ಇಗ್ವಾನಾ ಎಂದರೆ ನಮ್ಮ ಓತಿಕ್ಯಾತದ ದೊಡ್ಡಪ್ಪ ಎನ್ನಬಹುದಾದ ಪ್ರಾಣಿ. ನಮ್ಮ ಬೀದಿಯ ಮರಗಳಿಂದ ಏನೂ ಬೀಳಲಿಲ್ಲ. ಮೊಮ್ಮಗ ಶಾಲೆಗೆ ಹೋಗುವವರೆಗೂ ಕಿಟಕಿಯಲ್ಲಿ ನಿಂತು ಕಾದ.

ಯಂತ್ರ ಮರಳಿಸಲು ಹೋದರೆ, ಹಿರಿಯರು ಬಣ್ಣದ ಹಳೆಯ ಡಬ್ಬಿಯೊಂದಕ್ಕೆ ಸೀಸದ ಗುಂಡುಗಳನ್ನು ತುಂಬುತ್ತಿದ್ದರು. ನಿನ್ನೆ ಇಬ್ಬರಿಗೂ ಸೇರಿ ಸಿಕ್ಕಿದ್ದು ಇಪ್ಪತ್ತಮೂರು, ಹಳೆಯದು ಇನ್ನೂ ಇತ್ತು. ಕರಗಿಸುತ್ತೀರಾ ಎಂದೆ. "ಬನ್ನಿ" ಎಂದರು.

ಸೆಬಾಸ್ಟಿಯನ್ ಅಳಿವೆಯ ಉತ್ತರದ ಕಟ್ಟೆ ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ಅಂಥ ಚಳಿಯಲ್ಲೂ ಗಾಳ ಹಿಡಿದವರು ಸಾಲಾಗಿ ನಿಂತಿದ್ದರು, ಮೂಗಿನ ತುದಿ ಕೆಂಪು, ಕೈಯಲ್ಲಿ ಕಾಫಿ. ಹಿರಿಯರು ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೆ ನಿಂತರು. ಅವರಿಗೆಲ್ಲ ಇವರ ಪರಿಚಯವಿತ್ತು. ಒಬ್ಬೊಬ್ಬರೂ ಕೈಹಾಕಿ ಎರಡೆರಡು, ಮೂರು ಮೂರು ಗುಂಡು ಎತ್ತಿಕೊಂಡರು. ಹಣದ ಮಾತಿಲ್ಲ. ನನ್ನವಳು ಹೊಸದಾಗಿ ತುಂಬಿಸಿಕೊಟ್ಟಿದ್ದ ಎಳ್ಳುಬೆಲ್ಲದ ಡಬ್ಬಿಯನ್ನು ನಾನು ಹಿಂದೆ ಹಿಡಿದು ನಡೆದೆ. ಅದಕ್ಕೂ ಕೈಹಾಕಿದರು.

ಕಟ್ಟೆಯ ತುದಿಯಲ್ಲಿದ್ದವನು ಒಂದು ಗುಂಡನ್ನು ಆರಿಸಿ ತಿರುಗಿಸಿ ನೋಡಿದ. ಪಿರಮಿಡ್ಡಿನ ಒಂದು ಮೂಲೆ ಜಜ್ಜಿತ್ತು. ಮೆಟ್ಟಿಲಿನ ಬುಡದಲ್ಲಿ ನಾನು ಮೊದಲು ಅಗೆದದ್ದು ಅದೇ, ಸಲಿಕೆ ತಾಗಿ ಜಜ್ಜಿದ್ದು. ಹಲ್ಲಿನಿಂದ ದಾರ ಕಚ್ಚಿ, ಗಂಟು ಹಾಕಿ, ಕೋಲನ್ನು ಹೆಗಲ ಹಿಂದಕ್ಕೆ ಒಯ್ದು ಬೀಸಿದ. ದಾರ ಸಿಳ್ಳೆ ಹಾಕುತ್ತ ಬಿಚ್ಚಿಕೊಂಡಿತು. ದೂರದಲ್ಲಿ, ನೊರೆಯ ಆಚೆ, ಡುಬುಕ್ಕೆಂದು ಬಿತ್ತು.

"ಮುಂದಿನ ಚಳಿಗಾಲಕ್ಕೆ" ಎಂದರು ಹಿರಿಯರು, ಖಾಲಿ ಡಬ್ಬಿಯ ತಳವನ್ನು ತಟ್ಟುತ್ತ.